ಸಾಲಿನ ಮೇಲೆ ಪೆನ್ಸಿಲ್ಲಿನಲ್ಲಿ

ಬಿಎ ಎರಡನೇ ವರ್ಷದಲ್ಲಿ ನನಗೆ ಬಿದ್ದ ಅಡ್ಡಹೆಸರು ‘ಕ್ನಿಘ್ಟ್’. ಎಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಆಮೇಲೆ ಯಾರದೋ ಮಾತು ಕಟ್ಟಿಕೊಂಡು ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡಿದ್ದೆ. ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಕವಿ ಚಾಸರ್ ಬರೆದ ‘ಕ್ಯಾಂಟರ್‌ಬರಿ ಟೇಲ್ಸ್’ನ ಪೀಠಿಕೆ ನಮಗೆ ಪಠ್ಯ. ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಒಂದಷ್ಟು ಸಾಲು ಓದಿಸೋರು. ನನ್ನ ಪಾಲಿಗೆ ಬಂದದ್ದು ಯೋಧನ ವರ್ಣನೆ. ಕೆ, ಎನ್, ವೈ, ಜಿ, ಎಚ್, ಟಿ ಅಂತ ಆರಕ್ಷರ ಸಾಲಾಗಿ ನಿಂತಿದ್ದವು. ಬರೆದದ್ದನ್ನೆಲ್ಲ ಓದಬೇಕು ಅನ್ನೋ ಭಾಷೆಯಿಂದ ಬಂದವನು ನಾನು. ಒಂದನ್ನೂ ಬಿಡದೆ ‘ಕ್ನಿಘ್ಟ್’ ಅಂದೆ. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು. “ಕೆ ಸೈಲೆಂಟ್ ಕಣಯ್ಯಾ, ಜಿ ಎಚ್ಚೂ ಸೈಲೆಂಟ್. ನೈಟ್ ಅನ್ನು,” ಅಂದರು. ನೈಟ್ ಅಂದೆ, ಕೂತೆ, ಝೆರಾಕ್ಸ್ ಪುಸ್ತಕದಲ್ಲಿ ಆ ಪದದ ಮೇಲೆ ಪೆನ್ಸಿಲ್ಲಿನಲ್ಲಿ ಕನ್ನಡದಲ್ಲೇ ‘ನೈಟ್’ ಅಂತ ಬರೆದುಕೊಂಡೆ. ಡಿಗ್ರಿ ಮುಗಿಯುವ ತನಕ ಕ್ಯಾಂಟೀನಿನಲ್ಲಿ ಕಂಡವರೆಲ್ಲ “ಏನೋ ಕ್ನಿಘ್ಟ್, ಟೀ ಆಯ್ತಾ?” ಅಂತಲೇ ಕೇಳುತ್ತಿದ್ದರು.

ಆಮೇಲೆ ಬ್ಯಾಂಕಿನ ಕೆಲಸ, ಮದುವೆ, ವರ್ಗಾವಣೆ. ಚಾಸರ್ ಎಲ್ಲೋ ಅಟ್ಟದ ಮೇಲೆ ಹೋದ. ಇಪ್ಪತ್ತು ವರ್ಷದ ಮೇಲೆ ಒಂದು ಭಾನುವಾರ ಸುಮ್ನೆ ಕೂತಿದ್ದಾಗ ಆ ಪೀಠಿಕೆ ನೆನಪಾಗಿ ಹುಡುಕಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದವರು ಚಾಸರ್‌ಗೆ ಅಂತಲೇ ಪುಟಗಳನ್ನು ಮಾಡಿಟ್ಟಿದ್ದಾರೆ. ಒಂದು ಸಾಲು ಚಾಸರ್‌ದು, ಅದರ ಕೆಳಗೆ ಒಂದು ಸಾಲು ಇವತ್ತಿನ ಇಂಗ್ಲಿಷ್. ಹೀಗೆ ಉದ್ದಕ್ಕೂ. ಉಚ್ಚಾರಣೆ ಕಲಿಸುವ ಪಾಠಗಳೂ ಇವೆ, ಓದಿದ್ದನ್ನು ಕೇಳಬಹುದು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೇಳಿದೆ. 1400ರಲ್ಲಿ ತೀರಿಕೊಂಡ ಚಾಸರ್‌ನ ಕಾಲದಲ್ಲಿ ಆ ಪದವನ್ನು ‘ಕ್ನಿಖ್ಟ್’ ಅಂತಲೇ ಅನ್ನುತ್ತಿದ್ದರಂತೆ. ಕೆಯೂ ಇತ್ತು, ಜಿ ಎಚ್ಚೂ ಇತ್ತು, ಗಂಟಲಲ್ಲಿ ಕೊಂಚ ಕೆರೆದ ಹಾಗೆ. ಶತಮಾನಗಳು ಕಳೆದ ಹಾಗೆ ಸದ್ದು ಉದುರಿತು, ಕಾಗುಣಿತ ಮಾತ್ರ ಉಳಿಯಿತು. ಅಂದರೆ ಆವತ್ತು ಕ್ಲಾಸಿನಲ್ಲಿ ಚಾಸರ್‌ಗೆ ಹತ್ತಿರವಾಗಿ ಓದಿದವನು ಯಾರು? ಕನ್ನಡ ಮೀಡಿಯಂ ಹುಡುಗ. ಹೆಂಡತಿಯನ್ನು ಕರೆದು ಹೇಳಿದೆ. “ಇಪ್ಪತ್ತು ವರ್ಷ ಆದ್ಮೇಲೆ ಗೆದ್ರಲ್ಲ, ಈಗ ತರಕಾರಿ ತನ್ನಿ,” ಅಂದಳು.

ಚಿತ್ರ ನೋಡಿದ್ದೇ ಬಂತು

ಆವತ್ತಿನಿಂದ ಹಿಡಿದ ಹುಚ್ಚು ಇದು. ಸಾವಿರ ವರ್ಷದ ಹಿಂದಿನ ಯುರೋಪಿನ ಕಥೆ, ಹಾಡು, ಪುಸ್ತಕಗಳನ್ನು ನೆಟ್ಟಿನಲ್ಲಿ ಹುಡುಕಿ ಓದುವುದು. ಸಿಗುವುದು ಕಡಿಮೆ ಇರಬಹುದು ಅಂದುಕೊಂಡಿದ್ದೆ. ಕಷ್ಟ ಇರುವುದು ಜಾಸ್ತಿ ಸಿಗುವುದರಲ್ಲೇ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಲೈಬ್ರರಿ ತನ್ನ ಮಾನೆಸ್ಸೆ ಹಸ್ತಪ್ರತಿಯನ್ನು ಪೂರ್ತಿಯಾಗಿ ಇಟ್ಟಿದೆ. ಹಳೆ ಜರ್ಮನ್ ಪ್ರೇಮಕವಿಗಳ ಹಾಡುಗಳ ಸಂಗ್ರಹ, 1300ರ ಆಸುಪಾಸಿನದು. ಕವಿಗೊಂದರಂತೆ 137 ಚಿತ್ರ. ಒಂದರಲ್ಲಿ ಒಬ್ಬಾಕೆ ಗೋಪುರದ ಮೇಲಿಂದ ರಾಟೆ ತಿರುಗಿಸಿ ಕವಿಮಹಾಶಯನನ್ನು ಬಾವಿಯಿಂದ ನೀರು ಸೇದುವ ಹಾಗೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಾಳೆ. ತಿಂಗಳಿಡೀ ಚಿತ್ರ ದೊಡ್ಡದು ಮಾಡಿ ಮಾಡಿ ನೋಡಿದೆ. ಕುದುರೆಯ ಜೀನಿನ ಮೇಲಿನ ಕಸೂತಿಯನ್ನೂ ಬಿಡಲಿಲ್ಲ. ಕವಿತೆ ಮಾತ್ರ ಒಂದು ಸಾಲೂ ತಲೆಗೆ ಹೋಗಲಿಲ್ಲ. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದ ‘ಗಾಲಿಕಾ’, ವ್ಯಾಟಿಕನ್ನಿನ ಲೈಬ್ರರಿ, ಎಲ್ಲ ಕಡೆಯೂ ನನ್ನ ಪಾಡು ಇಷ್ಟೇ. ದೇವಸ್ಥಾನದ ಗೋಡೆಯ ಶಾಸನದ ಮುಂದೆ ಫೋಟೋ ತೆಗೆಸಿಕೊಂಡು ಬಂದ ಹಾಗೆ.

ಇನ್ನು ಅನುವಾದ. ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದ ಮಧ್ಯಯುಗದ ಆಕರಗಳ ಪುಟ 1996ರಿಂದ ಇದೆ, ಪಾಲ್ ಹಾಲ್ಸಾಲ್ ಎಂಬವರು ಶುರು ಮಾಡಿದ್ದು. ನೋಡೋಕೆ ಇವತ್ತಿಗೂ ಆ ಕಾಲದ ಪುಟದ ಹಾಗೇ ಇದೆ. ಬಣ್ಣ ಇಲ್ಲ, ಬೆಡಗಿಲ್ಲ, ಬರೀ ಕೊಂಡಿಗಳು. ರಾಜರ ಕಾನೂನು, ಪ್ಲೇಗಿನ ವರ್ಣನೆ, ಸಂತರ ಚರಿತ್ರೆ, ಏನು ಬೇಕೋ ಅದು. ನನ್ನಂಥವನಿಗೆ ಅದೊಂದು ದೊಡ್ಡ ಕಣಜ. ಆದರೆ ಅಲ್ಲಾಗಲಿ, ಇಂಟರ್ನೆಟ್ ಆರ್ಕೈವ್‌ನಲ್ಲಾಗಲಿ, ಬಿಟ್ಟಿ ಸಿಗುವ ಅನುವಾದಗಳಲ್ಲಿ ಬಹಳಷ್ಟು ನೂರು ವರ್ಷಕ್ಕಿಂತ ಹಳೆಯವು. ಹಕ್ಕು ಮುಗಿದಿರುತ್ತಲ್ಲ, ಅದಕ್ಕೆ. ಹೀಗಾಗಿ ಹದಿನಾಲ್ಕನೇ ಶತಮಾನದ ಗಿರಣಿಯವನೂ ವಿಕ್ಟೋರಿಯಾ ರಾಣಿಯ ಕಾಲದ ಪಾದ್ರಿಯ ಹಾಗೆ ಮಾತಾಡುತ್ತಾನೆ. ಪೋಲಿ ಮಾತು ಬಂದಲ್ಲಿ ಅನುವಾದಕರು ಕೆಮ್ಮಿ ಮುಂದೆ ಹೋಗಿರುತ್ತಾರೆ, ಇಲ್ಲವೇ ಆ ಕಥೆಯನ್ನೇ ಬಿಟ್ಟಿರುತ್ತಾರೆ. ಒಂದು ವರ್ಷ ಇಂಥವನ್ನೇ ಓದಿ, ಮಧ್ಯಯುಗದ ಜನ ಎಂದೂ ಕಾಲು ಚಾಚಿ ಕೂತವರೇ ಅಲ್ಲ ಅನ್ನೋ ಭಾವನೆ ನನಗೆ ಬಂದುಬಿಟ್ಟಿತ್ತು.

ಕೊನೆಗೆ ಗೊತ್ತಾಯಿತು, ನನಗೆ ಬೇಕಿದ್ದದ್ದು ಹಾರ್ವರ್ಡಿನ ಆ ಪುಟದಂಥದ್ದು. ಮೂಲವೂ ಕಣ್ಣ ಮುಂದೆ ಇರಬೇಕು, ಪಕ್ಕದಲ್ಲೇ ಯಾರೋ ಕೂತು ‘ಇದು ಹೀಗೆ’ ಅಂತ ಮೆಲ್ಲಗೆ ಹೇಳುತ್ತಿರಬೇಕು. ಓದುವುದು ಮಾತ್ರ ನಾನೇ.

ಅಯ್ಯೋ ನನ್ನ ಕೈ

ಸಾಲಿನ ಮೇಲೆ ಸಾಲು ಬರೆಯುವ ಈ ಪದ್ಧತಿ ಕಂಪ್ಯೂಟರಿನವರು ಕಂಡುಹಿಡಿದದ್ದೇನಲ್ಲ. ಲಿಂಡಿಸ್‌ಫಾರ್ನ್ ಸುವಾರ್ತೆಗಳು (ಬೈಬಲ್ಲಿನಲ್ಲಿ ಯೇಸುವಿನ ಬದುಕು ಹೇಳುವ ಭಾಗಗಳು) ಅಂತ ಒಂದು ಹಸ್ತಪ್ರತಿ ಇದೆ, 700ರ ಹೊತ್ತಿಗೆ ಮಾಡಿದ್ದು. ಚಿತ್ತಾರ ನೋಡಿದರೆ ರಂಗೋಲಿ ಹಾಕುವವರೂ ಬೆರಗಾಗಬೇಕು. ಅಂಥ ಪುಸ್ತಕದ ಮೇಲೆ ಸುಮಾರು 250 ವರ್ಷ ಆದಮೇಲೆ ಆಲ್ಡ್ರೆಡ್ ಎಂಬ ಪಾದ್ರಿ ಪೆನ್ನು ಇಟ್ಟ. ಒಂದೊಂದು ಲ್ಯಾಟಿನ್ ಪದದ ತಲೆಯ ಮೇಲೂ ಚಿಕ್ಕ ಅಕ್ಷರದಲ್ಲಿ ತನ್ನ ಹಳೆ ಇಂಗ್ಲಿಷಿನ ಅರ್ಥ ಬರೆದ. ಇವತ್ತಾದರೆ ಲೈಬ್ರರಿಯವರು ಹೊರಗೆ ಹಾಕುತ್ತಿದ್ದರು. ಇಂಗ್ಲಿಷಿನಲ್ಲಿ ಉಳಿದುಕೊಂಡಿರುವ ಸುವಾರ್ತೆಗಳ ಅತಿ ಹಳೆಯ ಅನುವಾದ ಅದೇ. ಸ್ಪೇನಿನ ಸಾನ್ ಮಿಲ್ಲಾನ್ ಮಠದ ಒಂದು ಲ್ಯಾಟಿನ್ ಪುಸ್ತಕದಲ್ಲೂ ಸಾವಿರ ವರ್ಷದ ಹಿಂದೆ ಯಾರೋ ಹೀಗೇ ಅಂಚಿನಲ್ಲಿ ಗೀಚಿದ್ದಾರೆ. ಹೆಚ್ಚಿನವು ಆಡುಭಾಷೆಯಲ್ಲಿ, ಎರಡೇ ಎರಡು ಆ ಕಡೆಯ ಇನ್ನೊಂದು ಭಾಷೆಯಾದ ಬಾಸ್ಕ್‌ನಲ್ಲಿ. ಬಾಸ್ಕ್ ಭಾಷೆಯ ಚರಿತ್ರೆ ಬರೆಯುವವರು ಆ ಎರಡು ಗೀಚನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ.

ನಾನು ಜಾಸ್ತಿ ಹೊತ್ತು ಕಳೆದಿರುವುದು ಇನ್ನೊಂದರ ಜೊತೆ. ಸ್ವಿಟ್ಜರ್ಲೆಂಡಿನ ಹಸ್ತಪ್ರತಿಗಳನ್ನು ‘ಇ-ಕೋಡಿಸಸ್’ ಎಂಬ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಅದರಲ್ಲಿ ಸೇಂಟ್ ಗಾಲ್ ಮಠದ 904ನೇ ನಂಬರಿನ ಪುಸ್ತಕ ತೆಗೆಯಿರಿ. ಪ್ರಿಷಿಯನ್ ಎಂಬವನ ಲ್ಯಾಟಿನ್ ವ್ಯಾಕರಣ. ಐರ್ಲೆಂಡಿನ ಸನ್ಯಾಸಿಗಳು 850ರ ಆಸುಪಾಸಿನಲ್ಲಿ ನಕಲು ಮಾಡಿದ್ದು. (ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ಕನ್ನಡ ಹೇಗೆ ಬರೆಯಬೇಕು ಅಂತ ‘ಕವಿರಾಜಮಾರ್ಗ’ದಲ್ಲಿ ಹೇಳುತ್ತಿದ್ದದ್ದೂ ಸುಮಾರು ಅದೇ ಕಾಲ. ಒಂದು ಕಡೆ ತಾಳೆಗರಿ, ಇನ್ನೊಂದು ಕಡೆ ಕರುವಿನ ಚರ್ಮ.) ಪುಟ ದೊಡ್ಡದು ಮಾಡಿದರೆ ದಪ್ಪ ಲ್ಯಾಟಿನ್ ಸಾಲುಗಳ ನಡುವೆ ಇರುವೆ ಹರಿದ ಹಾಗೆ ಸಣ್ಣ ಸಣ್ಣ ಅಕ್ಷರ. ಪುಸ್ತಕದಲ್ಲಿ ಇಂಥ ಟಿಪ್ಪಣಿಗಳು 9,000ಕ್ಕೂ ಹೆಚ್ಚು. ಅವುಗಳಲ್ಲಿ ಸುಮಾರು 3,500 ಹಳೆ ಐರಿಷ್ ಭಾಷೆಯವು. ಲ್ಯಾಟಿನ್ ಅವರಿಗೆ ಮನೆಮಾತಲ್ಲ. ಪರದೇಶದ ಭಾಷೆ, ಪರದೇಶದ ವ್ಯಾಕರಣ. ಅರ್ಥವಾಗದ ಪದದ ಮೇಲೆ ತಮ್ಮ ಭಾಷೆಯಲ್ಲಿ ಬರೆದುಕೊಂಡರು. ನಾನು ‘ನೈಟ್’ ಅಂತ ಬರೆದುಕೊಂಡ ಹಾಗೆ.

ಅರ್ಥದ ಜೊತೆ ಗೊಣಗಾಟವೂ ಇದೆ. ಒಂದು ಕಡೆ ‘ಅಯ್ಯೋ ನನ್ನ ಕೈ’. ಇನ್ನೊಂದು ಕಡೆ ‘ಮಸಿ ನೀರಾಗಿದೆ’. ಮತ್ತೊಂದು ಕಡೆ ‘ಚರ್ಮ ಹೊಸದು, ಮಸಿ ಕೆಟ್ಟದು, ಇನ್ನೇನೂ ಹೇಳಲ್ಲ’. 204ನೇ ಪುಟದ ತಲೆಯ ಮೇಲೆ ಐರ್ಲೆಂಡಿನ ಹಳೆ ಗೀರುಲಿಪಿಯಲ್ಲಿ ಒಂದೇ ಪದ. ಅದರ ಅರ್ಥ, ರಾತ್ರಿ ಕುಡಿದದ್ದು ಬೆಳಗ್ಗೆ ತಲೆಗೆ ಹೊಡೆಯುತ್ತಿದೆ ಅಂತ. ಅವನು ಲ್ಯಾಟಿನ್ ಲಿಪಿಯಲ್ಲಿ ಯಾಕೆ ಬರೆಯಲಿಲ್ಲ ಅಂತ ಕೇಳಬೇಕೇ? ದೊಡ್ಡ ಗುರುಗಳ ಕಣ್ಣಿಗೆ ಬಿದ್ದರೆ ಅನ್ನೋ ಹೆದರಿಕೆ ಇರಬೇಕು. ಇದು ನನ್ನ ಊಹೆ, ಪಂಡಿತರ ಮಾತಲ್ಲ.

112ನೇ ಪುಟದಲ್ಲಿ ನಾಲ್ಕು ಸಾಲಿನ ಪದ್ಯ ಇದೆ. ಇವತ್ತು ರಾತ್ರಿ ಗಾಳಿ ಬಲು ಜೋರು, ಕಡಲಿನ ಬೆಳ್ಳಗಿನ ಕೂದಲನ್ನು ಕೆದರುತ್ತಿದೆ, ಉತ್ತರದ ಆ ಉಗ್ರ ಯೋಧರು ಕಡಲು ದಾಟಿ ಬರುತ್ತಾರೆ ಅನ್ನೋ ಭಯ ನನಗಿಲ್ಲ. ಇಷ್ಟೇ. ಸಮುದ್ರ ಶಾಂತವಾಗಿದ್ದರೆ ವೈಕಿಂಗರ ಹಡಗು ಬರುತ್ತದೆ, ಮಠಕ್ಕೆ ಬೆಂಕಿ ಬೀಳುತ್ತದೆ. ಬಿರುಗಾಳಿ ಎದ್ದ ರಾತ್ರಿ ನಿಶ್ಚಿಂತೆಯ ನಿದ್ದೆ. ಆಷಾಢದ ಗಾಳಿಗೆ ಮನೆಯ ಶೀಟು ಧಡಧಡ ಬಡಿಯುತ್ತಿದ್ದಾಗ, ಕರೆಂಟೂ ಹೋಗಿ, ಮೊಬೈಲಿನ ಬೆಳಕಿನಲ್ಲಿ ಆ ಪುಟ ನೋಡುತ್ತಾ ಕೂತಿದ್ದೆ. ವ್ಯಾಕರಣದ ಪುಸ್ತಕದ ಅಂಚಿನಲ್ಲಿ ಅವನಿಗೆ ಅದನ್ನು ಬರೆಯೋಣ ಅನ್ನಿಸಿತಲ್ಲ!

ಎರಡು ಅಕ್ಟೋಬರ್

ಹುಡುಕುವುದರ ಜೊತೆಗೆ ಕಳೆದುಕೊಳ್ಳುವುದೂ ಇದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಹಸ್ತಪ್ರತಿಗಳ ಕೊಂಡಿಗಳನ್ನು ಒಂದು ನೋಟ್‌ಬುಕ್ಕಿನ ತುಂಬ ಬರೆದಿಟ್ಟುಕೊಂಡಿದ್ದೆ. 2023ರ ಅಕ್ಟೋಬರ್ ಕೊನೆಯಲ್ಲಿ ಆ ಲೈಬ್ರರಿಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ಆಯಿತು. ಹಣಕ್ಕಾಗಿ ಮಾಡಿದ ದಾಳಿ. ಹಸ್ತಪ್ರತಿಗಳ ಪುಟಗಳೆಲ್ಲ ಕತ್ತಲೆಗೆ ಹೋದವು, ತಿಂಗಳುಗಟ್ಟಲೆ ಬರಲಿಲ್ಲ. ನನ್ನ ನೋಟ್‌ಬುಕ್ ಬೀಗ ಬದಲಾದ ಮನೆಯ ಹಳೆ ಬೀಗದಕೈ ಗೊಂಚಲಾಯಿತು. ಆಲ್ಡ್ರೆಡ್ಡನ ಪುಟಗಳೂ ಅಲ್ಲಿದ್ದವು, ‘ಬೇವುಲ್ಫ್’ ಎಂಬ ಹಳೆ ಇಂಗ್ಲಿಷ್ ಕಾವ್ಯದ್ದೂ.

‘ಬೇವುಲ್ಫ್’ಗೆ ಇದು ಹೊಸದಲ್ಲ. 3,182 ಸಾಲಿನ ಆ ಕಾವ್ಯಕ್ಕೆ ಉಳಿದಿರುವುದು ಒಂದೇ ಒಂದು ಹಸ್ತಪ್ರತಿ. ರಾಬರ್ಟ್ ಕಾಟನ್ ಎಂಬ ಶ್ರೀಮಂತನ ಸಂಗ್ರಹದಲ್ಲಿತ್ತು. ಅವನ ಲೈಬ್ರರಿಯಲ್ಲಿ ಒಂದೊಂದು ಬೀರುವಿನ ಮೇಲೆ ಒಬ್ಬೊಬ್ಬ ರೋಮನ್ ದೊರೆಯ ತಲೆಯ ಶಿಲ್ಪ. ವಿಟೆಲ್ಲಿಯಸ್ ತಲೆಯ ಕೆಳಗೆ ‘ಎ’ ಅಡ್ಡಹಲಗೆ, ಅದರಲ್ಲಿ ಹದಿನೈದನೇ ಪುಸ್ತಕ. ಇವತ್ತಿಗೂ ಅದರ ವಿಳಾಸ ಕಾಟನ್ ವಿಟೆಲ್ಲಿಯಸ್ ಎ 15. ಆಲ್ಡ್ರೆಡ್ ಗೀಚಿದ ಪುಸ್ತಕದ್ದು ನೀರೋ ಡಿ 4. ದೊರೆಗಳ ತಲೆ ಹೋಯಿತು, ಬೀರು ಹೋಯಿತು, ವಿಳಾಸ ಉಳಿಯಿತು. 1731ರ ಅಕ್ಟೋಬರ್ 23ರ ರಾತ್ರಿ ಈ ಸಂಗ್ರಹ ಇದ್ದ ಮನೆಗೆ ಬೆಂಕಿ ಬಿತ್ತು. ‘ಬೇವುಲ್ಫ್’ ಸುಟ್ಟುಹೋಗಲಿಲ್ಲ, ಅಂಚು ಕರಕಲಾಯಿತು. ಆಮೇಲೆ ಮುಟ್ಟಿದಾಗೆಲ್ಲ ಅಂಚು ಹಪ್ಪಳದ ಹಾಗೆ ಮುರಿದು ಅಕ್ಷರ ಉದುರುತ್ತಾ ಹೋಯಿತು. ಥಾರ್ಕೆಲಿನ್ ಎಂಬ ಐಸ್‌ಲ್ಯಾಂಡಿನ ವಿದ್ವಾಂಸ 1787ರ ಹೊತ್ತಿಗೆ ಒಂದು ನಕಲು ಮಾಡಿಸಿ, ಇನ್ನೊಂದನ್ನು ತಾನೇ ಮಾಡಿಕೊಂಡ. ಆಮೇಲೆ ಉದುರಿದ ಎಷ್ಟೋ ಅಕ್ಷರ ಇವತ್ತು ನಮಗೆ ಗೊತ್ತಿರುವುದು ಆ ನಕಲುಗಳಿಂದ.

ದಾಳಿಯ ಆ ತಿಂಗಳುಗಳಲ್ಲಿ ನನ್ನ ಕೈ ಹಿಡಿದದ್ದೂ ಈ ಬೀರುವಿನ ವಿಳಾಸವೇ. ಕೊಂಡಿ ಸತ್ತಿತ್ತು, ವಿಟೆಲ್ಲಿಯಸ್ ಸತ್ತಿರಲಿಲ್ಲ. ಅದನ್ನೇ ಹಾಕಿ ಹುಡುಕಿದೆ. 1882ರಲ್ಲಿ ಅಚ್ಚಾಗಿದ್ದ ‘ಬೇವುಲ್ಫ್’ನ ಫೋಟೋ ಪ್ರತಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಕ್ಕಿತು. ಕಪ್ಪು ಬಿಳುಪು, ಮಸುಕು, ಆದರೂ ಇದೆ. ಈಗ ಕೊಂಡಿ ಬರೆದುಕೊಳ್ಳುವುದು ಬಿಟ್ಟಿದ್ದೇನೆ. ಊರು, ಲೈಬ್ರರಿ, ಪುಸ್ತಕದ ನಂಬರು, ಪುಟ, ಇಷ್ಟು ಬರೆಯುತ್ತೇನೆ. ಇಳಿಸಿಕೊಳ್ಳೋಕೆ ಬಿಟ್ಟರೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಮಗಳು ನನ್ನ ಪೆನ್‌ಡ್ರೈವಿಗೆ ಇಟ್ಟಿರುವ ಹೆಸರು ಉಪ್ಪಿನಕಾಯಿ ಜಾಡಿ.

ಕಸಿ ಮರದ ಕೆಳಗೆ

ಈಗ ಓದುತ್ತಿರುವುದು ‘ಸರ್ ಆರ್ಫಿಯೋ’. 600 ಸಾಲಿನ ಸಣ್ಣ ಕಥನಕವನ. ಎಡಿನ್‌ಬರೋದ ಸ್ಕಾಟ್ಲೆಂಡ್ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಆಕಿನ್ಲೆಕ್ ಹಸ್ತಪ್ರತಿಯಲ್ಲಿದೆ. 1330ರ ದಶಕದಲ್ಲಿ ಲಂಡನ್ನಿನಲ್ಲಿ ಬರೆದದ್ದು. ಅದೂ ಪೂರ್ತಿ ಆನ್‌ಲೈನ್ ಇದೆ. ಚಿತ್ರದ ಆಸೆಗೆ ಯಾರೋ ಪುಟಗಳಿಗೆ ಕತ್ತರಿ ಹಾಕಿದ್ದಾರೆ, ಆರ್ಫಿಯೋ ಕಥೆ ಶುರುವಾಗುವ ಹಾಳೆಯೇ ಅಲ್ಲಿ ಇಲ್ಲ. ನಾನು ಓದುತ್ತಿರುವುದು ರೋಚೆಸ್ಟರ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗೆ ಅಂತ ಮಾಡಿರುವ ಆವೃತ್ತಿಯಲ್ಲಿ. ಕಷ್ಟದ ಪದಕ್ಕೆಲ್ಲ ಅಲ್ಲೇ ಅರ್ಥ ಕೊಟ್ಟಿರುತ್ತಾರೆ. ಅದೂ ಸಾಲದಿದ್ದರೆ ಮಿಶಿಗನ್ ವಿಶ್ವವಿದ್ಯಾಲಯದ ನಡು ಇಂಗ್ಲಿಷ್ (ಚಾಸರ್ ಕಾಲದ ಇಂಗ್ಲಿಷ್) ನಿಘಂಟು. ಮೊದಲ ಕಂತು ಬಂದದ್ದು 1952ರಲ್ಲಿ, ಮುಗಿದದ್ದು 2001ರಲ್ಲಿ. ಅರ್ಧ ಶತಮಾನದ ದುಡಿಮೆಯನ್ನು ಪುಕ್ಕಟೆ ಬಿಚ್ಚಿಟ್ಟಿದ್ದಾರೆ. ನಮ್ಮ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳನ್ನು ಮಾಡಿದವರ ನೆನಪಾಯಿತು.

ಕಥೆ ಹೀಗೆ. ಮೇ ತಿಂಗಳಲ್ಲಿ ರಾಣಿ ಹೆರೋಡಿಸ್ ಸಖಿಯರ ಜೊತೆ ತೋಟಕ್ಕೆ ಹೋಗುತ್ತಾಳೆ. ಹೊತ್ತು ಏರಿದೆ. ಒಂದು ಮರದ ಕೆಳಗೆ ಮಲಗಿ ನಿದ್ದೆ ಹೋಗುತ್ತಾಳೆ. ಎದ್ದವಳೇ ಕಿರುಚುತ್ತಾಳೆ, ಕೈಕಾಲು ಉಜ್ಜಿಕೊಳ್ಳುತ್ತಾಳೆ, ರಕ್ತ ಬರುವ ಹಾಗೆ ಮುಖ ಪರಚಿಕೊಳ್ಳುತ್ತಾಳೆ. ನಿದ್ದೆಯಲ್ಲಿ ಒಬ್ಬ ರಾಜ ಬಂದಿದ್ದನಂತೆ. ನೂರು ಸವಾರರು, ಹಿಮದಂಥ ಬಿಳಿ ಕುದುರೆಗಳು. ಅವನ ಕಿರೀಟ ಬೆಳ್ಳಿಯದೂ ಅಲ್ಲ ಚಿನ್ನದ್ದೂ ಅಲ್ಲ, ಒಂದೇ ರತ್ನದ್ದು, ಸೂರ್ಯನ ಹಾಗೆ ಉರಿಯುತ್ತಿತ್ತು. ನಾಳೆ ಇದೇ ಮರದ ಕೆಳಗೆ ಬಾ, ಬರದಿದ್ದರೆ ಚೂರುಚೂರು ಮಾಡಿ ಹೊತ್ತುಕೊಂಡು ಹೋಗುತ್ತೇನೆ ಅಂದನಂತೆ. ಮರುದಿನ ಅವಳ ಗಂಡ, ರಾಜ ಆರ್ಫಿಯೋ, ಸಾವಿರ ಯೋಧರನ್ನು ಮರದ ಸುತ್ತ ನಿಲ್ಲಿಸುತ್ತಾನೆ. ಅವರ ಕಣ್ಣೆದುರೇ ರಾಣಿ ಮಾಯ. ಮುಂದೆ ಆರ್ಫಿಯೋ ಬರಿಗಾಲಲ್ಲಿ, ಒಂದು ಹಾರ್ಪ್ ವಾದ್ಯ ಹಿಡಿದು ಕಾಡು ಸೇರುವುದು, ಹತ್ತು ವರ್ಷ ಕಳೆಯುವುದು, ಅವಳನ್ನು ಮತ್ತೆ ಪಡೆಯುವುದು, ಎಲ್ಲ ಇದೆ. ನಾನು ಸಿಕ್ಕಿಬಿದ್ದದ್ದು ಮೊದಲ ನೂರೈವತ್ತು ಸಾಲಿನಲ್ಲೇ.

ಯಾಕೆಂದರೆ ಇದನ್ನು ನಾನು ನೋಡಿದ್ದೇನೆ. ಕಡೂರಿನ ಕಡೆ ನಮ್ಮಜ್ಜಿಯ ಊರು. ಬೇಸಿಗೆ ರಜೆಯಲ್ಲಿ ಅಜ್ಜಿ ದಿನಕ್ಕೊಂದು ಸಲ ಹೇಳುತ್ತಿದ್ದ ಮಾತು, “ಉರಿಬಿಸ್ಲಲ್ಲಿ ಹುಣ್ಸೆ ಮರದ ಕೆಳಗೆ ಮಲಗ್ಬೇಡಿ ಕಣ್ರೋ, ಗಾಳಿ ಸೋಕುತ್ತೆ.” ದೊಡ್ಡಮ್ಮನ ಮಗಳು ಅಕ್ಕ ಒಂದು ದಿನ ಹುಣಸೆ ಮರದ ನೆರಳಿಗೆ ಟವೆಲ್ ಹಾಸಿಕೊಂಡು ಮಲಗಿಬಿಟ್ಟಳು. ಎದ್ದಾಗ ಅವಳ ಕೂಗು ಕೇಳಿ ನಾವೆಲ್ಲ ಓಡಿದೆವು. ಎರಡೂ ಕೆನ್ನೆ ಪರಚಿಕೊಂಡಿದ್ದಳು, ಉಗುರಲ್ಲಿ ರಕ್ತ. ಯಾರು ಮುಟ್ಟಿದರೂ ಕೊಡವುತ್ತಿದ್ದಳು. ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ ಅಂತ ಅವರೇ ಹೆದರಿದರು. ಸಂಜೆಗೆ ಅಂತ್ರ ಕಟ್ಟಿಸಿದರು. ಡಾಕ್ಟರೂ ಬಂದರು, ಬಿಸಿಲು ಹೊಡೆದಿದೆ ಅಂದು ಮಾತ್ರೆ ಕೊಟ್ಟರು. ಮೂರು ದಿನಕ್ಕೆ ಸರಿಹೋದಳು.

ಹಾಗಾಗಿ ‘ಆರ್ಫಿಯೋ’ವನ್ನು ಪ್ರಿಂಟ್ ತೆಗೆಸಿ, ಸಾಲುಗಳ ನಡುವೆ ಜಾಗ ಬಿಡಿಸಿ, ಪೆನ್ಸಿಲ್ಲಿನಲ್ಲಿ ಕನ್ನಡ ಬರೆಯುತ್ತಾ ಕೂತಿದ್ದೇನೆ. ಆ ಮರಕ್ಕೆ ಕವಿ ‘ಇಂಪೆ ಟ್ರೆ’ ಅನ್ನುತ್ತಾನೆ. ನಿಘಂಟು ನೋಡಿದರೆ ಒಂದು ಗಿಡದ ಕೊಂಬೆಯನ್ನು ಇನ್ನೊಂದಕ್ಕೆ ಕೂಡಿಸಿ ಬೆಳೆಸಿದ್ದು. ಇಂಗ್ಲಿಷಿನವರಿಗೆ ಅಡಿಟಿಪ್ಪಣಿ ಬೇಕಾಗುವ ಪದಕ್ಕೆ ನಾನು ‘ಕಸಿ ಮರ’ ಅಂತ ಬರೆದು ಮುಂದೆ ಹೋದೆ. ಯಾವ ಮಾವಿನ ತೋಟದವನನ್ನು ಕೇಳಿದರೂ ಗೊತ್ತು. ‘ಫೈರಿ’ ಅನ್ನೋ ಪದ ಬಂದಲ್ಲಿ ಪೆನ್ಸಿಲ್ ನಿಂತಿತು. ಇವತ್ತಿನ ರೆಕ್ಕೆ ಹಚ್ಚಿದ ಪುಟಾಣಿ ಹುಡುಗಿ ಅಲ್ಲ ಅದು. ಆ ಲೋಕವೂ ಫೈರಿ, ಅಲ್ಲಿನ ಜನವೂ ಫೈರಿ, ಅವರು ಹಾಕುವ ಮಾಟವೂ ಫೈರಿ. ‘ಕಿನ್ನರಿ’ ಬರೆದೆ, ಮಕ್ಕಳ ಕಥೆಯ ಹಾಗೆ ಕಂಡಿತು, ಅಳಿಸಿದೆ. ‘ಗಂಧರ್ವ’ ಬರೆದೆ, ಪುರಾಣದ ವಾಸನೆ ಬಂತು, ಅಳಿಸಿದೆ. ‘ಯಕ್ಷ’ನನ್ನೂ ಅಳಿಸಿದೆ. ಕಾಗದ ತೆಳುವಾಗಿ ಹೋಯಿತು. ಕೊನೆಗೆ ‘ಗಾಳಿ’ ಅಂತ ಬರೆದೆ. ಸರಿ ಅನ್ನಿಸಿತು. ಆದರೆ ಅಜ್ಜಿಯ ಗಾಳಿಗೆ ಮುಖ ಇರಲಿಲ್ಲ, ಅರಮನೆ ಇರಲಿಲ್ಲ, ಕಿರೀಟ ಅಂತೂ ಇರಲೇ ಇಲ್ಲ. ಪಕ್ಕದಲ್ಲಿ ಪ್ರಶ್ನೆಚಿಹ್ನೆ ಹಾಕಿದೆ.

ಆವತ್ತು ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿದ್ದಾಳೆ, ಮೊಮ್ಮಗುವಿನ ಗಲಾಟೆ ಕೇಳುತ್ತಿತ್ತು. “ಅಕ್ಕಾ, ಹುಣ್ಸೆ ಮರದ ಕೆಳಗೆ ಆವತ್ತು ಏನಾದ್ರೂ ಕಂಡಿತ್ತಾ?” ಅಂದೆ. “ಅದ್ಯಾಕೋ ಈಗ?” ಅಂತ ನಕ್ಕಳು. ಆಮೇಲೆ ಒಂದು ಗಳಿಗೆ ಸುಮ್ಮನಿದ್ದು, “ಏನೂ ಕಾಣ್ಲಿಲ್ಲ ಕಣೋ. ಎದುರಿಗೆ ಏನೋ ಬೆಳಕು, ಸೂರ್ಯನ್ನೇ ಮುಖಕ್ಕೆ ಹಿಡ್ದಂಗೆ. ಕಣ್ಣು ಬಿಡಕ್ಕೆ ಆಗ್ತಿರ್ಲಿಲ್ಲ. ಅಷ್ಟೇ,” ಅಂದಳು. ಮಗು ಅತ್ತಿತು, ಆಮೇಲೆ ಮಾಡ್ತೀನಿ ಅಂತ ಇಟ್ಟಳು.

ಪ್ರಶ್ನೆಚಿಹ್ನೆಯನ್ನು ಅಳಿಸೋಣ ಅಂತ ರಬ್ಬರ್ ಎತ್ತಿಕೊಂಡೆ. ಆ ಜಾಗದಲ್ಲಿ ಕಾಗದ ಆಗಲೇ ಸವೆದಿತ್ತು, ಇನ್ನೊಂದು ಸಲ ಉಜ್ಜಿದರೆ ತೂತು ಬೀಳುತ್ತೆ. ಹಾಗೇ ಬಿಟ್ಟೆ.